ಸದ್ದಿಲ್ಲದ ಯಂತ್ರ

ಪ್ರತಿ ಮನೆಗೂ ಅದರದೇ ಆದ ಸದ್ದುಗಳಿರುತ್ತವೆ. ನಮ್ಮ ಮನೆಯ ಸದ್ದು ಶುರುವಾಗುವುದು ಬೆಳಗಿನ ಐದೂವರೆಗೆ. ನಲ್ಲಿಯಲ್ಲಿ ನೀರು ಬರುವ ಮೊದಲು ಬರೀ ಗಾಳಿ ಕೆಮ್ಮುತ್ತದಲ್ಲ, ಅದರಿಂದ. ಆಮೇಲೆ ಮಿಕ್ಸಿ, ಕುಕ್ಕರಿನ ಸೀಟಿ, ಇವರು ಒದ್ದು ಒದ್ದು ಎಬ್ಬಿಸುವ ಸ್ಕೂಟರು, ಸಂಜೆಯಾದರೆ ಟಿವಿಯಲ್ಲಿ ಕ್ರಿಕೆಟ್ಟಿನ ಕೂಗಾಟ. ಇವು ಯಾವುದಕ್ಕೂ ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಮನೆಯಲ್ಲಿ ಅಪ್ಪಣೆ ಬೇಕಾದ ಸದ್ದುಗಳೂ ಕೆಲವಿರುತ್ತವೆ. ಅಂಥದೊಂದು ಸದ್ದಿನ ಕತೆ ಇದು. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಸದ್ದೇ ಮಾಡದ ಒಂದು ಯಂತ್ರದ ಕತೆ.

2023ರ ಬೇಸಿಗೆ ರಜೆ. ಎಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿದ್ದ ಮಗಳು ಒಂದು ಮಧ್ಯಾಹ್ನ, ನಾನು ಹಪ್ಪಳ ಒಣಹಾಕುತ್ತಿದ್ದಾಗ ಮಹಡಿಗೆ ಬಂದು ಹೇಳಿದಳು.

"ಅಮ್ಮಾ, ನಾನೊಂದು ಗೇಮಿಂಗ್ ಕಂಪ್ಯೂಟರ್ ಕಟ್ತೀನಿ."

"ಕಟ್ಟೋದಾ? ಕೊಳ್ಳೋದಲ್ವೇನೇ?"

"ಕೊಂಡ್ರೆ ಎಪ್ಪತ್ತು ಸಾವಿರ. ಬಿಡಿಭಾಗ ತಂದು ನಾನೇ ಜೋಡಿಸಿದ್ರೆ ಅದರ ಅರ್ಧ."

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಕಂಪ್ಯೂಟರ್ ಕಟ್ಟಿ ನೋಡು ಎಂದು ಯಾರೂ ಹೇಳಿದ್ದಿಲ್ಲ. ಅವಳ ಹತ್ತಿರ ದುಡ್ಡಿತ್ತು. ಎರಡು ವರ್ಷ ಸಂಜೆಹೊತ್ತು ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಟ್ಟು ಕೂಡಿಸಿದ 38,000 ರೂಪಾಯಿ. ಕೇಳುವ ಹಾಗೆಯೇ ಇರಲಿಲ್ಲ. ಸ್ವಂತ ದುಡಿಮೆಯ ದುಡ್ಡಿಗೆ ಬೇಡ ಎನ್ನಲು ತಾಯಿಗೂ ನಾಲಿಗೆ ಏಳುವುದಿಲ್ಲ. ಆದರೆ ಹುಡುಗಿ ರಾತ್ರಿಯೆಲ್ಲ ಕೂತು ಆಟ ಆಡುವುದು ಎಂದರೆ ನನ್ನ ಮನಸ್ಸಿಗೆ ಏನೋ ಕಿರಿಕಿರಿ. ಅದನ್ನು ಹಾಗೆಂದು ಹೇಳಲಾಗದೆ ಒಂದು ನೆಪ ಹುಡುಕಿದೆ. ನೆಪ ಪಕ್ಕದಲ್ಲೇ, ನಡುಮನೆಯ ಮಂಚದ ಮೇಲೆ ಮಲಗಿತ್ತು.

ನಮ್ಮ ಅತ್ತೆ 2022ರ ಮಳೆಗಾಲದಲ್ಲಿ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಊರುಗೋಲು ಹಿಡಿದು ಹತ್ತು ಹೆಜ್ಜೆ ಹಾಕುತ್ತಾರೆ, ಅಷ್ಟೆ. ಶಿವಮೊಗ್ಗದ ನಮ್ಮ ಮನೆಯಲ್ಲಿ ಇರುವುದೇ ಎರಡು ಕೋಣೆ, ಒಂದು ನಡುಮನೆ. ಅತ್ತೆಯ ಮಂಚ, ಮಗಳ ಓದುವ ಮೇಜು ಎರಡೂ ನಡುಮನೆಯಲ್ಲೇ. ಆ ಮೇಜಿನ ಮೇಲೆ 2020ರ ಲಾಕ್‌ಡೌನಿನಲ್ಲಿ ಆನ್‌ಲೈನ್ ಪಾಠಕ್ಕೆಂದು ತಂದ ಹಳೆಯ ಕಂಪ್ಯೂಟರೊಂದಿತ್ತು. ಭಾವನವರ ಆಫೀಸಿನಲ್ಲಿ ಬೇಡವೆಂದು ಬಿಟ್ಟದ್ದು. ಅದನ್ನು ಹಾಕಿದರೆ ಹಿಟ್ಟಿನ ಗಿರಣಿ ಹಾಕಿದ ಹಾಗೆ ಗುಂಯ್ ಎಂದು ಸದ್ದು. ಆ ಬೇಸಿಗೆಗೆ ಸರಿಯಾಗಿ ಅದು ಕೆಟ್ಟು ಕೂತಿತ್ತು.

"ಕಟ್ಟು. ಆದ್ರೆ ಸದ್ದು ಬರಬಾರದು. ಅಜ್ಜಿ ನಿದ್ದೆ ಕೆಡುತ್ತೆ" ಎಂದೆ. ಇದು ಆಗುವ ಮಾತಲ್ಲ, ಅಲ್ಲಿಗೆ ಮುಗಿಯಿತು ಎಂದೇ ನನ್ನ ಲೆಕ್ಕ.

ಮಗಳು ಏನೂ ಅನ್ನಲಿಲ್ಲ. ಮೂರು ದಿನ ಬಿಟ್ಟು ಒಂದು ನೋಟುಪುಸ್ತಕ ಹಿಡಿದು ಅಡಿಗೆಮನೆಗೆ ಬಂದಳು.

"ಅಮ್ಮಾ, ಕಂಪ್ಯೂಟರಿಗೆ ಬಾಯಿ ಇಲ್ಲ. ಸದ್ದು ಮಾಡೋದು ಅದರ ಫ್ಯಾನು. ಫ್ಯಾನು ಯಾಕೆ ತಿರುಗುತ್ತೆ? ಬಿಸಿ ಹೊರಗೆ ಹಾಕೋಕೆ. ಬಿಸಿ ಯಾಕೆ ಆಗುತ್ತೆ? ಕರೆಂಟು ತಿನ್ನೋದರಿಂದ. ಹಾಗಾದ್ರೆ ಸದ್ದು ಕಡಿಮೆ ಆಗಬೇಕು ಅಂದ್ರೆ ಫ್ಯಾನಿನ ಹತ್ತಿರ ಹೋಗೋದಲ್ಲ, ಕರೆಂಟಿನ ಹತ್ತಿರ ಹೋಗಬೇಕು."

ಒಲೆ ಸಣ್ಣ ಮಾಡಿದರೆ ಹೊಗೆಯೂ ಕಡಿಮೆ. ಇಷ್ಟು ನನಗೂ ಅರ್ಥವಾಯಿತು. ಆಟದ ಕಂಪ್ಯೂಟರಿನಲ್ಲಿ ಹೆಚ್ಚು ಕರೆಂಟು ತಿನ್ನುವವು ಎರಡಂತೆ. ಲೆಕ್ಕ ಮಾಡುವ ಪ್ರೊಸೆಸರು ಒಂದು, ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡು ಇನ್ನೊಂದು. ಅವಳ ಪುಸ್ತಕದಲ್ಲಿ ಎರಡು ಹಳೆಯ ಕಾರ್ಡುಗಳ ಹೆಸರಿದ್ದವು. ಒಂದು 185 ವಾಟ್ ಬೇಡುವ ರೇಡಿಯಾನ್ ಆರ್‌ಎಕ್ಸ್ 580. ಇನ್ನೊಂದು 2019ರಲ್ಲಿ ಬಂದ ಜಿಟಿಎಕ್ಸ್ 1660 ಸೂಪರ್, ಅದಕ್ಕೆ 125 ವಾಟ್ ಸಾಕು. ಮೊದಲನೆಯದು ಅಗ್ಗ. ಎರಡನೆಯದಕ್ಕೆ ಅವಳು ಕೆಂಪು ಗೆರೆ ಎಳೆದಿದ್ದಳು. "ಅರವತ್ತು ವಾಟ್ ವ್ಯತ್ಯಾಸ ಅಂದ್ರೆ, ಅಜ್ಜಿ ತಲೆದೆಸೆಯಲ್ಲಿ ಒಂದು ಹಳೇ ಬಲ್ಬು ಉರಿಸಿದಷ್ಟು ಬಿಸಿ" ಎಂದಳು.

ಇನ್ನೊಂದು ಲೆಕ್ಕವೂ ನನಗೆ ಇಷ್ಟವಾಯಿತು. ಸಣ್ಣ ಫ್ಯಾನು ಜೋರಾಗಿ ತಿರುಗಿ ತಳ್ಳುವ ಗಾಳಿಯನ್ನೇ ದೊಡ್ಡ ಫ್ಯಾನು ನಿಧಾನವಾಗಿ ತಿರುಗಿ ತಳ್ಳುತ್ತದೆ. ಒಂದು ಫ್ಯಾನಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಸದ್ದು ಸುಮಾರು 15 ಡೆಸಿಬಲ್ ಇಳಿಯುತ್ತದೆ. ಹತ್ತು ಡೆಸಿಬಲ್ ಇಳಿದರೇ ನಮ್ಮ ಕಿವಿಗೆ ಸದ್ದು ಅರ್ಧವಾದಂತೆ ಕೇಳುತ್ತದೆ. ಅವಸರದಲ್ಲಿ ಪಾತ್ರೆ ತೊಳೆಯುವವಳ ಸದ್ದಿಗೂ ನಿಧಾನವಾಗಿ ತೊಳೆಯುವವಳ ಸದ್ದಿಗೂ ಇರುವ ವ್ಯತ್ಯಾಸ ನಮಗೆ ಗೊತ್ತಿಲ್ಲವೇ? ಪಾತ್ರೆ ಅವೇ, ಕೆಲಸವೂ ಅಷ್ಟೇ.

ಹೀಗೆ ಅವಳ ಜೊತೆ ನಾನೂ ಒಂದು ದಿನ ಬೆಳಗಿನ ಜನಶತಾಬ್ದಿ ಹತ್ತಿ ಬೆಂಗಳೂರಿಗೆ ಹೊರಟೆ. ಅಷ್ಟು ದುಡ್ಡು ಇಟ್ಟುಕೊಂಡು ಒಬ್ಬಳನ್ನೇ ಕಳಿಸುವುದು ಹೇಗೆ ಎಂದು ಇವರಿಗೆ ಹೇಳಿದೆ. ನಿಜ ಹೇಳಬೇಕೆಂದರೆ ನನಗೇ ಕುತೂಹಲ ಹತ್ತಿಬಿಟ್ಟಿತ್ತು.

ಎಸ್.ಪಿ. ರಸ್ತೆ ಎಂದರೆ ಸಾದರ ಪತ್ರಪ್ಪ ರಸ್ತೆ. ಟೌನ್‌ಹಾಲಿನಿಂದ ನಡೆದುಕೊಂಡು ಹೋಗುವಷ್ಟು ಹತ್ತಿರ. ಎರಡು ಆಳು ನಿಂತರೆ ತುಂಬಿಹೋಗುವ ಅಂಗಡಿಗಳು, ಮೇಲೆ ಮಹಡಿ, ಮಹಡಿಯ ಮೇಲೆ ಮತ್ತೆ ಅಂಗಡಿಗಳು. ನೆಲದಿಂದ ಮಾಡಿನವರೆಗೆ ವೈರು, ಡಬ್ಬ, ಪೆಟ್ಟಿಗೆ. ನಮ್ಮ ಗಾಂಧಿ ಬಜಾರಿನಲ್ಲಿ ಸೀರೆ ಅಂಗಡಿಯಿಂದ ಸೀರೆ ಅಂಗಡಿಗೆ ಹೋಗಿ ದರ ಕೇಳುವ ಹಾಗೆ ಮಗಳು ಪುಸ್ತಕ ಹಿಡಿದು ಅಂಗಡಿಯಿಂದ ಅಂಗಡಿಗೆ ಹೋದಳು. ಹೋದಲ್ಲೆಲ್ಲ ಅಂಗಡಿಯವರು ಅವಳನ್ನು ಬಿಟ್ಟು ನನ್ನನ್ನು ಕೇಳುತ್ತಿದ್ದರು.

"ಏನಮ್ಮಾ, ಮಗನಿಗಾ?"

ಮೂರನೇ ಅಂಗಡಿಯಲ್ಲಿ ನನಗೆ ರೇಗಿತು. "ಅಲ್ಲಪ್ಪಾ, ಇವಳಿಗೇ. ಇವಳ ಹತ್ತಿರವೇ ಮಾತಾಡಿ" ಎಂದೆ. ಹಾಗೆ ಅಂದವಳು ನಾನೇನಾ ಎಂದು ಆಮೇಲೆ ನನಗೇ ಅನುಮಾನ ಬಂತು.

ಒಬ್ಬ ಹುಡುಗ ಬಣ್ಣಬಣ್ಣದ ದೀಪ ಹತ್ತುವ ಫ್ಯಾನುಗಳನ್ನು ತೋರಿಸಿದ. ತೇರಿಗೆ ಸೀರಿಯಲ್ ಸೆಟ್ ಬಿಟ್ಟ ಹಾಗೆ ಝಗಝಗ. ಮಗಳು ಬೇಡ ಎಂದಳು. ದೀಪದ ದುಡ್ಡನ್ನು ಅವಳು ಕಣ್ಣಿಗೆ ಕಾಣದ ಕಡೆ ಹಾಕಿದಳು. ಅದು ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಒಳಗಿನ ಭಾಗಗಳಿಗೆ ಹದ ಮಾಡಿ ಕೊಡುವ ಡಬ್ಬ. ಇದರಲ್ಲಿ ಜಿಪುಣತನ ಮಾಡಿದರೆ ಅದೊಂದು ಸುಡುವಾಗ ಉಳಿದದ್ದನ್ನೂ ಸುಟ್ಟು ಹೋಗಬಹುದಂತೆ. ಅದರ ಮೇಲೆ 80 ಪ್ಲಸ್ ಬ್ರಾಂಜ್ ಎಂಬ ಗುರುತಿರಬೇಕು. ಅರ್ಧ ಹೊರೆಯಲ್ಲಿ ಕೆಲಸ ಮಾಡುವಾಗ ತೆಗೆದುಕೊಂಡ ಕರೆಂಟಿನಲ್ಲಿ ಕಡಿಮೆಯೆಂದರೂ ನೂರಕ್ಕೆ 85 ಭಾಗ ಕೆಲಸಕ್ಕೆ ಸಿಗುತ್ತದೆ ಎಂದು ಆ ಗುರುತಿನ ಅರ್ಥ. ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಗುರುತಿಲ್ಲದ ಅಗ್ಗದ ಡಬ್ಬದಲ್ಲಿ ಬಿಸಿ ಹೆಚ್ಚು, ಬಿಸಿ ಹೆಚ್ಚಾದರೆ ಸದ್ದು ಹೆಚ್ಚು.

ಸಂಜೆಯ ಹೊತ್ತಿಗೆ ಲೆಕ್ಕ ಹೀಗಿತ್ತು. ಪ್ರೊಸೆಸರು 8,500. ಮದರ್‌ಬೋರ್ಡು 5,800. 16 ಜಿಬಿ ಮೆಮೊರಿ 3,200. ತಿರುಗುವ ತಟ್ಟೆಯೇ ಇಲ್ಲದ, ಹಾಗಾಗಿ ಸದ್ದೂ ಇಲ್ಲದ ಎಸ್‌ಎಸ್‌ಡಿ 2,400. ಎಸ್‌ಎಂಪಿಎಸ್ 3,900. ಮುಂದುಗಡೆ ಜಾಲರಿ ಇರುವ ಕ್ಯಾಬಿನೆಟ್ಟು 2,900. ಪ್ರೊಸೆಸರಿನ ಜೊತೆ ಬಿಟ್ಟಿ ಬರುವ ಪುಟ್ಟ ಫ್ಯಾನಿನ ಬದಲು ಹಾಕಲು ಎತ್ತರದ ಕೂಲರು 1,600. 120 ಮಿಲಿಮೀಟರಿನ ಹೆಚ್ಚುವರಿ ಫ್ಯಾನು 600. ಗ್ರಾಫಿಕ್ಸ್ ಕಾರ್ಡು ಸೆಕೆಂಡ್ ಹ್ಯಾಂಡ್, 8,500. ಒಟ್ಟು 37,400. ಪರದೆಗೆ, ಕೀಬೋರ್ಡಿಗೆ ಹಳೆಯ ಕಂಪ್ಯೂಟರಿನವೇ ಆದವು. ಉಳಿದ ಆರುನೂರರಲ್ಲಿ ಇಬ್ಬರೂ ಊಟ ಮಾಡಿ ರಾತ್ರಿ ಬಸ್ಸು ಹಿಡಿದೆವು. ಬಸ್ಸಿನ ದುಡ್ಡಿಗೆ ಸ್ವಲ್ಪ ಕಡಿಮೆ ಬಿದ್ದಿತು. ಅದನ್ನು ನಾನೇ ಹಾಕಿದೆ. ಆ ಕಂಪ್ಯೂಟರಿನಲ್ಲಿ ನನ್ನ ಪಾಲು ಅಷ್ಟೇ ಎಂದುಕೊಂಡಿದ್ದೆ.

ಮಾರನೇ ದಿನ ನಡುಮನೆಯಲ್ಲಿ ಹಳೇ ಪೇಪರು ಹಾಸಿ ಕಟ್ಟುವ ಕೆಲಸ. ಮೈಯ ವಿದ್ಯುತ್ತು ಬಿಡಿಭಾಗಕ್ಕೆ ತಾಗಬಾರದೆಂದು ಅವಳು ಆಗಾಗ ಕ್ಯಾಬಿನೆಟ್ಟಿನ ಲೋಹ ಮುಟ್ಟುತ್ತಿದ್ದಳು, ಮಡಿಯಲ್ಲಿರುವವರ ಹಾಗೆ. ಪ್ರೊಸೆಸರಿನ ಮೇಲೆ ಬೂದು ಬಣ್ಣದ ಪೇಸ್ಟು, ತೊಗರಿಕಾಳಿನಷ್ಟು. ಅದರ ಮೇಲೆ ಕೂಲರು. ಅತ್ತೆ ದಿಂಬಿಗೆ ಒರಗಿ ಕೂತು ಎಲ್ಲ ನೋಡಿದರು. "ಎಂಥದೇ ಅದು, ಇಡ್ಲಿ ಸ್ಟ್ಯಾಂಡಿನ ಹಾಗೆ?" ಎಂದು ಕೂಲರಿನ ತಗಡುಗಳನ್ನು ಕೇಳಿದರು. ಸಂಜೆ ಆರಕ್ಕೆ ಗುಂಡಿ ಒತ್ತಿದಳು. ಪರದೆ ಬೆಳಗಿತು. ಉಸಿರಾಡಿದಷ್ಟೇ ಸದ್ದು. ನನ್ನ ಷರತ್ತು ಸೋತಿತ್ತು. ಸೋತದ್ದಕ್ಕೆ ನನಗೆ ಬೇಜಾರಾಗಲಿಲ್ಲ, ಅದೇ ಆಶ್ಚರ್ಯ.

ಆದರೆ ಆಟ ಶುರು ಮಾಡಿದ ಹತ್ತು ನಿಮಿಷಕ್ಕೆ ಒಳಗಿನಿಂದ ಗರಗರ ಎಂದು ಸದ್ದು ಬಂತು. ಮುಚ್ಚಳ ತೆಗೆದು ಕಿವಿಯಿಟ್ಟರೆ ಸದ್ದು ಆ ಸೆಕೆಂಡ್ ಹ್ಯಾಂಡ್ ಕಾರ್ಡಿನದು. ಈಥೀರಿಯಂ ಎಂಬ ಡಿಜಿಟಲ್ ನಾಣ್ಯವನ್ನು ಈ ಕಾರ್ಡುಗಳಿಂದ ಹಗಲೂ ರಾತ್ರಿ ಲೆಕ್ಕ ಮಾಡಿಸಿ ಗಳಿಸುತ್ತಿದ್ದರಂತೆ. 2022ರ ಸೆಪ್ಟೆಂಬರಿನಲ್ಲಿ ಆ ಪದ್ಧತಿಯೇ ನಿಂತುಹೋಗಿ ದುಡಿದು ಸವೆದ ಕಾರ್ಡುಗಳು ಸಾಲುಸಾಲಾಗಿ ಮಾರಾಟಕ್ಕೆ ಬಂದವು. ನಮ್ಮದೂ ಅಂಥದೇ ಇರಬೇಕು. ಅಂಗಡಿಗೆ ಫೋನು ಮಾಡಿದರೆ, "ಹಾಗೇ ಇರುತ್ತೆ ಮೇಡಂ, ಹೆಡ್‌ಫೋನ್ ಹಾಕ್ಕೊಳ್ಳಿ, ಕೇಳಿಸಲ್ಲ" ಎಂದು ಉತ್ತರ. ಮಗಳ ಕಣ್ಣಲ್ಲಿ ನೀರು ನಿಂತಿತು. ಎರಡು ವರ್ಷದ ಗಣಿತಪಾಠ ಅದು.

ನಾನು ಮತ್ತೊಮ್ಮೆ ಕಿವಿಗೊಟ್ಟು ಕೇಳಿದೆ. ಆ ಸದ್ದು ನನಗೆ ಗುರುತಿನದು.

"ಇದು ಎಣ್ಣೆ ಆರಿದ ಸದ್ದು ಕಣೇ" ಎಂದೆ.

ನನ್ನ ಹೊಲಿಗೆ ಯಂತ್ರದ ಮಾತು ಇಲ್ಲಿ ಹೇಳಬೇಕು. 1998ರಲ್ಲಿ ಮದುವೆಯಾಗಿ ಬರುವಾಗ ತವರಿನಿಂದ ಕಾಲಲ್ಲಿ ತುಳಿಯುವ ಯಂತ್ರವೊಂದನ್ನು ತಂದಿದ್ದೆ. ಹಗಲು ಮನೆಗೆಲಸ. ರಾತ್ರಿ ಎಲ್ಲರ ಊಟವಾದ ಮೇಲೆ ನಡುಮನೆಯಲ್ಲಿ ಕೂತು ಕೇರಿಯವರ ರವಿಕೆ ಹೊಲಿಯುತ್ತಿದ್ದೆ. ಒಂದು ದಿನ ಅತ್ತೆ ಬಂದು, "ಮಾವನವರಿಗೆ ನಿದ್ದೆ ಬರೋಲ್ವಂತೆ ಕಣೇ, ಒಂಬತ್ತರ ಮೇಲೆ ಆ ಕಟಕಟ ಬೇಡ" ಎಂದರು. ಅಂದಿನಿಂದ ಒಂಬತ್ತರ ಮೇಲೆ ಹುಕ್ಸು, ಅಂಚು ಇಂಥ ಕೈಹೊಲಿಗೆ ಮಾತ್ರ. ಹೊಲಿಗೆ ತಡವಾಗಿ, ಬರುವವರೂ ಕಡಿಮೆಯಾದರು. ಮಾವನವರು 2011ರಲ್ಲಿ ತೀರಿಕೊಂಡರು. ಒಂಬತ್ತರ ನಿಯಮ ಮಾತ್ರ ತೀರಲಿಲ್ಲ. ಕಾಲಿಗೆ ಅಭ್ಯಾಸವಾಗಿ ಹೋಗಿತ್ತು.

ಮಗಳು ಕಾರ್ಡಿನ ಫ್ಯಾನುಗಳನ್ನು ಬಿಚ್ಚಿದಳು. ಗರಗರ ಎನ್ನುತ್ತಿದ್ದ ಫ್ಯಾನಿನ ಹಿಂದಿನ ಚೀಟಿ ಎಬ್ಬಿಸಿದಳು. ನಾನು ಹೊಲಿಗೆ ಯಂತ್ರದ ಎಣ್ಣೆಬುಡ್ಡಿ ತಂದು ಒಂದೇ ಒಂದು ತೊಟ್ಟು ಬಿಟ್ಟೆ. ಹೆಚ್ಚಾದರೆ ಬಟ್ಟೆಗೆ ಕಲೆಯಾದ ಹಾಗೆ ಇಲ್ಲೂ ಹರಡುತ್ತದೆ. ಬೆರಳಿನಿಂದ ನಾಲ್ಕು ಸುತ್ತು ತಿರುಗಿಸಿದೆ. ಒಣಗಿದ ಹಳೆಯ ಪೇಸ್ಟು ಒರೆಸಿ ಅವಳು ಹೊಸದು ಹಚ್ಚಿದಳು. ಮತ್ತೆ ಜೋಡಿಸಿದಾಗ ಗರಗರ ಇರಲಿಲ್ಲ. ಇದು ಶಾಶ್ವತ ಮದ್ದಲ್ಲ, ಆಗಾಗ ಮತ್ತೆ ಬಿಡಬೇಕು. ಯಾವ ಯಂತ್ರಕ್ಕೆ ಒಂದೇ ಸಲದ ಎಣ್ಣೆ ಸಾಲುತ್ತದೆ ಹೇಳಿ?

ಇನ್ನೂ ಒಂದು ಸಣ್ಣ ಗುಂಯ್ ಉಳಿದಿತ್ತು. ಅದು ಫ್ಯಾನಿನದಲ್ಲ, ಮೇಜಿನದು. ನಡುಗುವ ವಸ್ತುವನ್ನು ಹಲಗೆಯ ಮೇಲೆ ಇಟ್ಟರೆ ಹಲಗೆ ಹಾಡುತ್ತದೆ. ಇದನ್ನೂ ನನಗೆ ಹೊಲಿಗೆ ಯಂತ್ರ ಕಲಿಸಿತ್ತು. ಹಳೆಯ ಹವಾಯಿ ಚಪ್ಪಲಿ ಕೊಯ್ದು ನಾಲ್ಕು ತುಂಡು ಮಾಡಿ ಕ್ಯಾಬಿನೆಟ್ಟಿನ ಕಾಲುಗಳ ಕೆಳಗೆ ಇಟ್ಟೆ. ಮೇಜು ಬಾಯಿ ಮುಚ್ಚಿಕೊಂಡಿತು. "ಅಮ್ಮಾ, ಇದಕ್ಕೆ ಜನ ದುಡ್ಡು ಕೊಟ್ಟು ರಬ್ಬರ್ ಪ್ಯಾಡ್ ತಗೋತಾರೆ!" ಎಂದು ಮಗಳು ನಕ್ಕಳು.

ಕೊನೆಯ ಉಪಾಯ ಅವಳದು, ಅದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ನಮ್ಮ ಹಳೆಯ ಪರದೆ ಸೆಕೆಂಡಿಗೆ 60 ಚಿತ್ರ ಮಾತ್ರ ತೋರಿಸಬಲ್ಲದು. ಕಾರ್ಡು ತನ್ನ ಪಾಡಿಗೆ ನೂರು, ನೂರಿಪ್ಪತ್ತು ಬಿಡಿಸುತ್ತ ಕೂತಿರುತ್ತದೆ. ನಾಲ್ಕು ಜನರ ಮನೆಯಲ್ಲಿ ಎಂಟು ಜನರಿಗೆ ದೋಸೆ ಹುಯ್ದ ಹಾಗೆ. ಅರವತ್ತಕ್ಕೇ ನಿಲ್ಲಿಸು ಎಂದು ಅದಕ್ಕೆ ಕಟ್ಟು ಹಾಕಿದಳು. ಬಿಸಿ ಇಳಿಯಿತು, ಫ್ಯಾನು ನಿಧಾನವಾಯಿತು. ಆ ರಾತ್ರಿ ಅತ್ತೆಯ ತಲೆದೆಸೆಯ ಗೋಡೆ ಗಡಿಯಾರವೇ ಕಂಪ್ಯೂಟರಿಗಿಂತ ಜೋರಾಗಿ ಕೇಳುತ್ತಿತ್ತು.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಒಂದು ತಿಂಗಳ ನಂತರ ಒಂದು ರಾತ್ರಿ, ಹನ್ನೊಂದರ ಸುಮಾರಿಗೆ, ನೀರು ಕುಡಿಯಲು ಎದ್ದೆ. ಹೊರಗೆ ಜಿಟಿಜಿಟಿ ಮಳೆ. ನಡುಮನೆಯಲ್ಲಿ ನೀಲಿ ಬೆಳಕು. ನೋಡಿದರೆ ಅತ್ತೆ ಎದ್ದು ಕೂತಿದ್ದಾರೆ. ಬೆನ್ನಿಗೆ ಎರಡು ದಿಂಬು. ಮಗಳು ಹೆಡ್‌ಫೋನ್ ಕಿತ್ತಿಟ್ಟು, ಪರದೆಯನ್ನು ಮಂಚದ ಕಡೆಗೆ ತಿರುಗಿಸಿ, ಸಣ್ಣ ದನಿಯಲ್ಲಿ ಕತೆ ಹೇಳುತ್ತ ಆಡುತ್ತಿದ್ದಾಳೆ. 'ರಾಜಿ' ಎಂಬ ಆಟವಂತೆ ಅದು. 2020ರಲ್ಲಿ ಪುಣೆಯವರು ಮಾಡಿದ್ದು. ರಾಕ್ಷಸರು ಹೊತ್ತುಕೊಂಡು ಹೋದ ತಮ್ಮನನ್ನು ಹುಡುಕಿಕೊಂಡು ಹೊರಟ ಹುಡುಗಿಯೊಬ್ಬಳ ಕತೆ. ಅವಳಿಗೆ ದುರ್ಗೆಯ ತ್ರಿಶೂಲ ಸಿಗುತ್ತದೆ.

"ಹಿಂದುಗಡೆ ಬಂದ ನೋಡೇ ಪುಟ್ಟೀ, ಹಿಂದುಗಡೆ! ಚುಚ್ಚು ಅವನಿಗೆ!" ಎಂದರು ಅತ್ತೆ.

ನಾನು ಬಾಗಿಲಲ್ಲೇ ನಿಂತೆ. "ಏನತ್ತೆ, ನಿದ್ದೆ ಬರಲಿಲ್ವಾ? ಇವಳು ಎಬ್ಬಿಸಿದ್ಲಾ?"

"ಎಬ್ಬಿಸೋಕೆ ನಾನು ಮಲಗಿದ್ದರೆ ತಾನೆ? ಸೊಂಟ ಮುರಿದ ಮೇಲೆ ನಂಗೆ ಹನ್ನೆರಡಕ್ಕೆ ಮುಂಚೆ ಎಲ್ಲಿ ನಿದ್ದೆ? ಆ ಹಳೇ ಪೆಟ್ಟಿಗೆ ಗುಂಯ್ ಅಂತಿತ್ತಲ್ಲ, ಅದೇ ಚೆನ್ನಾಗಿತ್ತು. ಯಾರೋ ಎಚ್ಚರ ಇದ್ದಾರೆ ಅಂತ ಧೈರ್ಯ ಇರ್ತಿತ್ತು. ಇದು ಬಂದ ಮೇಲೆ ಮೊದಮೊದಲು ರಾತ್ರಿ ಉದ್ದ ಆಗಿಬಿಡ್ತು. ಆಮೇಲೆ ಇವಳನ್ನೇ ಕೇಳಿದೆ, ನಂಗೂ ತೋರಿಸೇ ಅಂತ."

ನನಗೆ ಮಾತು ಹೊರಡಲಿಲ್ಲ. ನಿಮ್ಮ ನಿದ್ದೆ ಕೆಡಬಾರದು ಅಂತಲೇ ಇಷ್ಟೆಲ್ಲ ಮಾಡಿದ್ದು ಎಂದೆ, ದನಿ ಸಣ್ಣ ಮಾಡಿ.

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನನ್ನನ್ನ ಯಾರು ಕೇಳಿದ್ರು?" ಎಂದರು. ಅದರಲ್ಲಿ ಸಿಟ್ಟಿರಲಿಲ್ಲ. ಆಮೇಲೆ ನನ್ನ ಮುಖ ನೋಡದೆ, ಪರದೆಯನ್ನೇ ನೋಡುತ್ತ ಹೇಳಿದರು.

"ಅವರ ಕಿವಿ ಹತ್ತಿರ ಪಟಾಕಿ ಹೊಡೆದ್ರೂ ಎಚ್ಚರ ಆಗ್ತಿರಲಿಲ್ಲ. ನಿನ್ನ ಹೊಲಿಗೆ ಬೇಡ ಅಂತ ಅವರು ಅಂದದ್ದಲ್ಲ. ನಾನೇ ಅಂದದ್ದು."

"ಯಾಕತ್ತೆ?"

"ಎಲ್ಲ ಕೆಲಸ ಮುಗಿಸಿ ನೀನು ನಿಂದೇ ಅಂತ ಒಂದು ಗಂಟೆ ಕೂತಿರ್ತಿದ್ದೆ. ಆ ಸದ್ದು ಕೇಳಿದ್ರೆ ನಂಗೆ ಒಳಗೆ ಏನೋ ಆಗ್ತಿತ್ತು. ನಂಗೆ ಅಂಥ ಒಂದು ಗಂಟೆ ಯಾವತ್ತೂ ಸಿಕ್ಕಿರಲಿಲ್ಲ ನೋಡು."

ಇಪ್ಪತ್ತೈದು ವರ್ಷ ಮಾವನವರ ಮೇಲೆ ಇಟ್ಟುಕೊಂಡಿದ್ದ ಸಣ್ಣ ಮುನಿಸೊಂದನ್ನು ಆ ರಾತ್ರಿ ಎಲ್ಲಿ ಇಳಿಸಬೇಕೋ ತಿಳಿಯಲಿಲ್ಲ. ಅತ್ತೆಯ ಮೇಲೆ ಇಳಿಸೋಣವೆಂದರೆ ನನ್ನ ಕೈಯೇ ಶುದ್ಧವಿರಲಿಲ್ಲ. ಅವರು ಮಾವನ ನಿದ್ದೆಯನ್ನು ಅಡ್ಡ ಹಿಡಿದರು, ನಾನು ಅವರ ನಿದ್ದೆಯನ್ನು ಅಡ್ಡ ಹಿಡಿದೆ. ಮಗಳ ಮುಖದ ಮೇಲೆ ಬೀಳುವ ಆ ಬೆಳಕು, ತನ್ನದೇ ದುಡ್ಡಿನಲ್ಲಿ ತನ್ನದೇ ಆದ ಒಂದು ಗಂಟೆ, ಅದನ್ನು ಕಂಡು ನನ್ನೊಳಗೆ ಕಿರಿಕಿರಿಯಾದದ್ದು ಯಾಕೆಂದು ಆಗ ತಿಳಿಯಿತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ನನಗೆ ಕಂಡದ್ದು ಒಂದೇ ಕಾಲ, ಕೈಯಿಂದ ಕೈಗೆ ದಾಟುತ್ತ ಬಂದದ್ದು. ಮಗಳು ಮಾತ್ರ ಜಗಳವಾಡದೆ, ನಾವು ಹಾಕಿದ ಷರತ್ತಿನೊಳಗೇ ತನ್ನ ಜಾಗ ಕಟ್ಟಿಕೊಂಡಿದ್ದಳು. ವಾಟು ವಾಟು ಲೆಕ್ಕ ಹಾಕಿ, ಸದ್ದು ಮಾಡದೆ.

ಮಾರನೇ ರಾತ್ರಿ ಊಟದ ಪಾತ್ರೆ ತೊಳೆದಿಟ್ಟು ಗಡಿಯಾರ ನೋಡಿದೆ. ಒಂಬತ್ತೂ ಇಪ್ಪತ್ತು. ಹೊಲಿಗೆ ಯಂತ್ರದ ಮೇಲಿನ ಬಟ್ಟೆ ಸರಿಸಿದೆ. ಅದಕ್ಕೂ ಒಂದು ತೊಟ್ಟು ಎಣ್ಣೆ ಬಿಟ್ಟೆ. ಚಪ್ಪಲಿಯ ರಬ್ಬರು ಇನ್ನೂ ಉಳಿದಿತ್ತು, ಆದರೆ ಕಾಲುಗಳ ಕೆಳಗೆ ಇಡಲಿಲ್ಲ. ಕೂತು ತುಳಿದೆ. ಕಟಕಟಕಟ ಎಂದು ಇಡೀ ಮನೆ ತುಂಬಿತು.

ಕೋಣೆಯಿಂದ ಇವರ ದನಿ ಬಂತು. "ಏನದು ಸದ್ದು, ಇಷ್ಟು ಹೊತ್ತಿನಲ್ಲಿ?"

ನಾನು ಬಾಯಿ ತೆರೆಯುವ ಮೊದಲೇ ಮಂಚದಿಂದ ಅತ್ತೆ ಹೇಳಿದರು.

"ನನ್ನ ಸೊಸೆ ಹೊಲೀತಿದಾಳೆ ಕಣೋ. ನೀನು ಮಲಗು."